ರೇಡಿಯೋ ಡೈರಿಗೆ ಎಳ್ಳು ಬೀರಿದ್ದು

ನನಗಾಗ ಅರವತ್ತೆರಡು ವರ್ಷ. ಇದು ನಡೆದು ಹದಿಮೂರು ವರ್ಷವಾಯಿತು. ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದು ನಾಚಿಕೆಗಲ್ಲ. ಒಬ್ಬನಿಗೆ ಮಾತು ಕೊಟ್ಟಿದ್ದೆ, ಅದಕ್ಕೆ. ಈಗ ಆ ರೇಡಿಯೋ ಡೈರಿ ಹಂಚೋ ಪದ್ಧತಿಯೇ ನಿಂತುಹೋಗಿದೆಯಂತೆ. ಪದ್ಧತಿಯೇ ಹೋದಮೇಲೆ ಮಾತು ಯಾರಿಗೆ ಉಳಿಸಿಕೊಳ್ಳಲಿ? ನಾನು ಓದಿದ್ದು ಮೂರನೇ ಕ್ಲಾಸು. ಅಕ್ಷರ ದಪ್ಪ ಬರುತ್ತೆ, ಒತ್ತು ತಪ್ಪುತ್ತೆ. ತಿದ್ದುವವರು ತಿದ್ದಿಕೊಳ್ಳಲಿ.

ನಮ್ಮದು ಯಲಹಂಕದ ಪಕ್ಕದ ಅಟ್ಟೂರು. ಲೇಔಟಿನ ಅಟ್ಟೂರಲ್ಲ, ಊರೊಳಗಿನ ಅಟ್ಟೂರು. ನಮ್ಮ ರಾಗಿ ಹೊಲ ಇದ್ದ ಕಡೆ ಈಗ ನಾಲ್ಕಂತಸ್ತಿನ ಮನೆಗಳು ನಿಂತಿವೆ. ಅದಕ್ಕೆ ನಾನು ಅಳೋದಿಲ್ಲ. ಬಿಸಿಲಲ್ಲಿ ಬಗ್ಗಿ ರಾಗಿ ಕಳೆ ಕಿತ್ತವಳಿಗೆ ಗೊತ್ತು, ಕೂತಲ್ಲಿಗೆ ಬಾಡಿಗೆ ಬರೋದು ಎಂಥ ಸುಖ ಅಂತ. ಗಂಡ ಹೋದಮೇಲೆ ಕೆಳಗೆ ನಾನು, ಮೇಲೆ ಬಾಡಿಗೆಯವರು, ಹಿಂದುಗಡೆ ಕೊಟ್ಟಿಗೆ, ಅದರಲ್ಲಿ ಒಂದು ಹಸು. ಪಕ್ಕದ ಮನೆಯಲ್ಲಿ ನಮ್ಮ ಓರಗಿತ್ತಿ. ನನ್ನ ಮನೆಯಲ್ಲಿ ಸಾಸಿವೆ ಸಿಡಿದರೆ ಅವಳ ಮನೆಯಲ್ಲಿ ಮೂಗು ಏಳುತ್ತೆ, ಅಷ್ಟು ಪಕ್ಕ.

ರೇಡಿಯೋ ಇದ್ದಿದ್ದು ಕೊಟ್ಟಿಗೆಯಲ್ಲಿ. ಹೆಬ್ಬಾಳದ ಕಡೆಯಿಂದ ಬರುತ್ತಿದ್ದ ದನದ ಡಾಕ್ಟರೊಬ್ಬರು, "ಹಾಲು ಕರೆಯೋವಾಗ ಹಾಡು ಹಾಕಿ ಅಮ್ಮ, ಹಸು ಚೆನ್ನಾಗಿ ಹಾಲಿಳಿಸುತ್ತೆ" ಅಂದಿದ್ದರು. "ಅಂಗಾದ್ರೆ ಹಿಂಡಿ ಯಾಕೆ ದಂಡಕ್ಕೆ?" ಅಂದೆ. "ಹಿಂಡೀನೂ ಹಾಕಿ" ಅಂದರು. ಅಂಗೈ ಅಗಲದ ಒಂದು ರೇಡಿಯೋ ತಂದು, ಕೊಟ್ಟಿಗೆ ಕಂಬದ ಮೊಳೆಗೆ ನೇತುಹಾಕಿದೆ.

ಬೆಂಗಳೂರಿನ ಎಫ್‌ಎಂ ಸ್ಟೇಷನ್ನಿನ ಚರಿತ್ರೆಯನ್ನ ತಿಳಿದವರು ವರ್ಷದ ಲೆಕ್ಕದಲ್ಲಿ ಹೇಳುತ್ತಾರೆ. ನನಗೆ ಗೊತ್ತಿರೋದು ಹಸುವಿನ ಲೆಕ್ಕ. ನಾನು ಹೇಳುತ್ತಿರೋ ಸ್ಟೇಷನ್ ಶುರುವಾದಾಗ ನಮ್ಮಲ್ಲಿ ಕರಿ ಹಸು ಇತ್ತು. ಆಗ ಅದರಲ್ಲಿ ಬರೀ ಇಂಗ್ಲಿಷ್ ಹಾಡು. ಹೊಟ್ಟೆನೋವು ಬಂದವನ ಹಾಗೆ ಒಬ್ಬ ಕೂಗೋನು, ಹಿಂದಿನಿಂದ ಯಾರೋ ತಗಡು ಬಡಿಯೋರು. ಕರಿ ಹಸು ಎರಡು ಸಲ ಬಕೆಟ್ ಒದೆಯಿತು. ಅದನ್ನ ಕೊಟ್ಟು ಸೀಮೆ ಹಸು ತಂದಾಗ ಸ್ಟೇಷನ್ನವರು ಹಿಂದಿ ಹಾಡಿಗೆ ಇಳಿದಿದ್ದರು. ನಮ್ಮ ಓರಗಿತ್ತಿ ಕೊಟ್ಟಿಗೆ ಬಾಗಿಲಲ್ಲಿ ನಿಂತು, ಒಂದು ಮಾತೂ ಅರ್ಥವಾಗದೆ, ಸೆರಗಲ್ಲಿ ಕಣ್ಣೊರೆಸಿಕೊಳ್ಳೋಳು. "ಏನಂತೆ ಹಾಡಲ್ಲಿ?" ಅಂದರೆ "ಏನೋ ಅಕ್ಕ, ಪಾಪ" ಅನ್ನೋಳು. ಆಮೇಲೆ ಜನ ಗಲಾಟೆ ಮಾಡಿದರೋ, ಜಾಹೀರಾತು ಕೊಡೋರು ಬೈದರೋ, ಸೀಮೆ ಹಸು ಎರಡನೇ ಕರು ಹಾಕೋ ಹೊತ್ತಿಗೆ ಕನ್ನಡ ಹಾಡು ಬಂತು. ಹೆಬ್ಬಾಳದ ಫ್ಲೈಓವರ್ ಪಕ್ಕದಲ್ಲಿ ಮನೆ ಗಾತ್ರದ ಬೋರ್ಡು ನಿಲ್ಲಿಸಿದರು. ಅದರಲ್ಲಿ ಒಬ್ಬ ಹುಡುಗ ಬಾಯಿ ಎಷ್ಟು ತೆಗೆದಿದ್ದ ಅಂದರೆ ಹಿಂದಿನ ಹಲ್ಲು ಹುಳುಕೋ ಅಲ್ಲವೋ ಅಂತ ನೋಡಬಹುದಿತ್ತು. ಅಷ್ಟರಲ್ಲಿ ಅಂಥವೇ ಇನ್ನೂ ಏಳು ಸ್ಟೇಷನ್ ಹುಟ್ಟಿಕೊಂಡಿದ್ದವು. ಈಗ ಹೇಳುತ್ತಿರೋದು ಮೂರನೇ ಹಸುವಿನ ಕಾಲ. ಕೆಂಪು ಹಸು. ಹಾಲು ಜಾಸ್ತಿ, ಗಾಂಚಾಲಿನೂ ಜಾಸ್ತಿ.

ಸಂಕ್ರಾಂತಿ ಆದ ಎರಡನೇ ದಿನ ಒಬ್ಬ ಬಂದ. ಕತ್ತಲ್ಲಿ ಕಾರ್ಡು, ಹೆಗಲಲ್ಲಿ ಚೀಲ, ಶರ್ಟಿನ ಜೇಬಲ್ಲಿ ನಾಲ್ಕು ಪೆನ್ನು. ಯಾವ ಸ್ಟೇಷನ್ನನ್ನ ಎಷ್ಟು ಜನ ಕೇಳುತ್ತಾರೆ ಅಂತ ಲೆಕ್ಕ ಹಾಕುವ ಕಂಪನಿಯವನು.

"ಅಮ್ಮಾ, ಮನೇಲಿ ರೇಡಿಯೋ ಕೇಳ್ತೀರಾ?"

"ಕೇಳೋದು ಹಸು. ನಾನು ಜೊತೇಲಿರ್ತೀನಿ."

ಅವನು ಪೆನ್ನಿನಲ್ಲಿ ತಲೆ ಕೆರೆದುಕೊಂಡ. "ಹಸೂಗೆ ಡೈರಿ ಕೊಡೋಕೆ ಬರಲ್ಲಮ್ಮ. ನಿಮ್ಮ ಹೆಸರೇ ಬರ್ಕೋತೀನಿ. ನಿಮಗೆ ಗೊತ್ತಿರೋರು ಯಾರಾದ್ರೂ ರೇಡಿಯೋ ಸ್ಟೇಷನ್ನಲ್ಲಿ ಕೆಲಸ ಮಾಡ್ತಾರಾ?"

"ಇಲ್ಲ" ಅಂದೆ. ಆಗ ಮೇಲಿನ ಮನೆ ಖಾಲಿ ಇತ್ತು.

ಅವನು ಒಂದು ಉದ್ದನೆಯ ಪುಸ್ತಕ ಕೊಟ್ಟ. ದಿನಕ್ಕೊಂದು ಹಾಳೆ, ಏಳು ದಿನ. ಎಡಗಡೆ ಕಾಲುಗಂಟೆಗೊಂದು ಗೆರೆ. ಮೇಲೆ ಎಂಟು ಸ್ಟೇಷನ್ನಿನ ಹೆಸರು. ಮಧ್ಯೆ ಚೌಕ ಚೌಕ. ಯಾವ ಹೊತ್ತಲ್ಲಿ ಯಾವ ಸ್ಟೇಷನ್ ಕೇಳಿದೆವೋ ಆ ಚೌಕಕ್ಕೆ ರೈಟ್ ಮಾರ್ಕು ಹಾಕಬೇಕು. ಐದು ನಿಮಿಷ ಕೇಳಿದ್ದರೂ ಸಾಕು, ಒಂದು ರೈಟು. "ಈ ಡೈರಿ ನಿಮ್ಮ ಹತ್ರ ಇದೆ ಅಂತ ಯಾರಿಗೂ ಹೇಳಬಾರದು, ಮಾತು ಕೊಡಿ" ಅಂದ. ಕೊಟ್ಟೆ. ಅವನಿಗೆ ಇನ್ನೂ ಹತ್ತು ಮನೆ ಇತ್ತು, ಹೋದ.

ನಾನು ಡೈರಿ ಬಿಚ್ಚಿಕೊಂಡು ಕೂತೆ. ಎರಡು ದಿನದ ಹಿಂದೆ ತಾನೆ ಎಳ್ಳು ಬೀರಿದ್ದು. ಮೂವತ್ತು ವರ್ಷ ತಟ್ಟೆ ಹಿಡಿದು ಮನೆಮನೆಗೆ ಎಳ್ಳುಬೆಲ್ಲ ಕೊಟ್ಟವಳು ನಾನು. ಈಗ ತಟ್ಟೆ ಹಿಡಿಯೋದು ಓರಗಿತ್ತಿಯಾದರೂ ಯಾರ ಮನೆ ತಪ್ಪಬಾರದು ಅಂತ ಹೇಳಿ ಕಳಿಸೋದು ನಾನೇ. ಎಳ್ಳು ಬೀರೋವಾಗ ಒಂದು ಮನೆ ಬಿಡೋ ಹಾಗಿಲ್ಲ. ಜಗಳ ಆಡಿದ ಮನೆಗೂ ಹೋಗಬೇಕು. ಮೋರಿ ವಿಷಯಕ್ಕೆ ಪೊಲೀಸಿನ ತನಕ ಹೋದವರ ಮನೆಗೂ ನಾನು ಕೊಬ್ಬರಿ ಜಾಸ್ತಿ ಹಾಕಿ ಕೊಟ್ಟಿದ್ದೇನೆ. ಒಬ್ಬರಿಗೆ ಕೊಟ್ಟು ಒಬ್ಬರಿಗೆ ಬಿಟ್ಟರೆ ಆ ಮುಖ ವರ್ಷವಿಡೀ ನೋಡೋಕಾಗಲ್ಲ.

ಎಂಟು ಹೆಸರು ಕಣ್ಣೆದುರಿಗೆ ಸಾಲಾಗಿ ಕೂತಿವೆ. ಒಂದಕ್ಕೆ ರೈಟು ಹಾಕಿ ಏಳನ್ನ ಬಾಯಿ ಬಿಟ್ಟುಕೊಂಡು ನೋಡಿಸೋದು ಯಾವ ಮರ್ಯಾದೆ? ಮೊದಲ ಗೆರೆಯಲ್ಲಿ ಮೊದಲನೇದಕ್ಕೆ, ಎರಡನೇ ಗೆರೆಯಲ್ಲಿ ಎರಡನೇದಕ್ಕೆ, ಹೀಗೆ ಎಂಟಾದಮೇಲೆ ಮತ್ತೆ ಒಂದರಿಂದ. ಇನ್ನು ಖಾಲಿ ಗೆರೆ ಬಿಡೋದು? ಎಲೆ ಹಾಕಿ ಕೂರಿಸಿದ ಮೇಲೆ ಬಡಿಸದೆ ಎಬ್ಬಿಸುತ್ತಾರಾ? ಹಗಲು, ರಾತ್ರಿ, ಎಲ್ಲ ಗೆರೆಗೂ ಬಡಿಸಿದೆ. ಮಧ್ಯರಾತ್ರಿ ಕಳೆದು ಎರಡೂವರೆಗೂ ಬಡಿಸಿದೆ. ಬೆರಳು ನೊಂದಿತು, ಆದರೆ ಪುಸ್ತಕ ನೋಡೋಕೆ ಏನು ಚೆಂದ! ಬಾಗಿಲ ಮುಂದೆ ಬಿಟ್ಟ ರಂಗೋಲಿ.

ವಾರದ ಮೇಲೆ ಅವನು ಬಂದು ಎರಡು ಹಾಳೆ ತಿರುವಿ, "ಅಯ್ಯೋ ಅಮ್ಮಾ, ಇಷ್ಟು ನೀಟಾಗಿ ಯಾರೂ ತುಂಬಿಲ್ಲ. ಎಲ್ಲಾ ಖಾಲಿ ಬಿಡ್ತಾರೆ" ಅಂದ. ಒಂದರೊಳಗೊಂದು ಕೂರೋ ಮೂರು ಪ್ಲಾಸ್ಟಿಕ್ ಡಬ್ಬಿ ಕೊಟ್ಟು ಹೋದ.

ಓರಗಿತ್ತಿ ಮಧ್ಯಾಹ್ನದೊಳಗೆ ಡಬ್ಬಿ ನೋಡಿದಳು. "ಯಾರು ಕೊಟ್ರಕ್ಕ?"

"ಕೊಟ್ರು."

"ಯಾತಕ್ಕೆ ಕೊಟ್ರು?"

"ನಿನ್ ತರ ಪ್ರಶ್ನೆ ಕೇಳ್ದೆ ಇದ್ದಿದ್ದಕ್ಕೆ ಕೊಟ್ರು."

ಮೂರು ದಿನ ಅವಳು ನನ್ನ ಹತ್ತಿರ ಮಾತಾಡಲಿಲ್ಲ. ಆರಾಮಾಗಿತ್ತು.

ಶಿವರಾತ್ರಿ ಹೊತ್ತಿಗೆ ಮೇಲಿನ ಮನೆಗೆ ಒಬ್ಬ ಹುಡುಗಿ ಬಾಡಿಗೆಗೆ ಬಂದಳು. ಬಾಗಲಕೋಟೆ ಕಡೆಯವಳು, ಒಬ್ಬಳೇ. ಬೆಳಿಗ್ಗೆ ಆರಕ್ಕೆ ನನ್ನ ತಲೆಯ ಮೇಲೆ ಪಟಪಟ ಅಂತ ರೊಟ್ಟಿ ಬಡಿಯೋಳು. ಏಳಕ್ಕೆ ಪಾತ್ರೆ ಹಿಡಿದು ಹಾಲಿಗೆ ಇಳಿಯೋಳು. ಏಳೂವರೆಗೆ ಕಿಟಕಿ ತೆಗೆದುಕೊಂಡು ಅವರವ್ವನಿಗೆ ಫೋನ್ ಮಾಡೋಳು. ಕೆಲಸ ಏನು ಅಂತ ಕೇಳಿದೆ. ಎಫ್‌ಎಂನಲ್ಲಿ ಅಂದಳು. ಅದೇ ಸ್ಟೇಷನ್, ಕರಿ ಹಸುವಿನ ಕಾಲದ್ದು. ಸಾಯಂಕಾಲ ಐದರಿಂದ ಎಂಟರ ತನಕ ಹಾಡಿನ ಮಧ್ಯೆ ಮಾತಾಡೋದು ಅವಳ ಕೆಲಸ.

ಆವತ್ತು ಸಾಯಂಕಾಲ ಹಾಲು ಕರೆಯೋಕೆ ಕೂತಾಗ ಮುಳ್ಳು ತಿರುಗಿಸಿ ಆ ಸ್ಟೇಷನ್ ಹಾಕಿದೆ. "ಹಾಯ್ ಹಾಯ್ ಹಾಯ್ ಬೆಂಗಳೂರೂ! ಟ್ರಾಫಿಕ್ಕಲ್ಲಿ ಸ್ಟಕ್ ಆಗಿದ್ದೀರಾ ಗಾಯ್ಸ್? ಚಿಲ್ ಮಾಡಿ!" ಅಂತ ಒಂದು ದನಿ ಬಂತು. ನನಗೆ ಗುರುತೇ ಸಿಗಲಿಲ್ಲ. ಆಮೇಲೆ ಒಂದು ನಗು. ಸ್ಟೀಲ್ ಚೊಂಬು ಮೆಟ್ಟಿಲ ಮೇಲಿಂದ ಉರುಳಿದ ಹಾಗೆ, ಮೇಲಿಂದ ಕೆಳಗಿನ ತನಕ. ಕೆಂಪು ಹಸು ಕಿವಿ ನಿಗುರಿಸಿತು. ಹಾಲು ನಿಲ್ಲಿಸಿತು. ಕೆಚ್ಚಲು ತೊಳೆದೆ, ಬೆನ್ನು ತಟ್ಟಿದೆ, ಹಿಂಡಿ ಇಟ್ಟೆ. ಊಹೂಂ. ಬೇರೆ ಸ್ಟೇಷನ್ ಹಾಕಿದ ಮೇಲೆ ಬಿಟ್ಟಿತು. ಮಾರನೇ ದಿನವೂ ಇದೇ ಕಥೆ.

ಅದರ ಮಾರನೇ ಬೆಳಿಗ್ಗೆ ಏಳು ಗಂಟೆಗೆ ಪಾತ್ರೆ ಹಿಡಿದು ಬಂದವಳಿಗೆ ಹೇಳಿದೆ: "ನೋಡವ್ವ, ನೀನು ರೇಡಿಯೋದಲ್ಲಿ ನಕ್ಕರೆ ನನ್ನ ಹಸು ಹಾಲು ಬಿಡಲ್ಲ."

ಅವಳು ಕಣ್ಣು ದೊಡ್ಡದು ಮಾಡಿದಳು. "ಅಯ್ಯ, ಖರೇನ್ರಿ ಅಜ್ಜಿ?"

"ನಾನ್ಯಾಕೆ ಸುಳ್ಳು ಏಳ್ಲಿ? ಮುಕ್ಕಾಲು ಲೀಟರ್ ಕಮ್ಮಿ."

"ನಮ್ಮ ಬಾಸ್ ಹಂಗ ನಗಬೇಕಂತ ಹೇಳ್ಯಾರ್ರಿ. ನಿಮಿಷಕ್ಕೊಮ್ಮೆ ನಗು ಇರಬೇಕಂತ."

"ನಿಮ್ ಬಾಸ್ ಬಂದು ಹಾಲು ಕರೀಲಿ."

ಅವಳು ನಕ್ಕಳು. ಈ ನಗು ಬೇರೆ ಇತ್ತು, ಗಂಟಲಿಂದ ಬಂದದ್ದು. ಹಸು ತಲೆಯೂ ಎತ್ತಲಿಲ್ಲ.

ಯುಗಾದಿ ಕಳೆದು ಒಂದು ದಿನ ಹಾಲಿಗೆ ಬಂದವಳ ಮುಖ ಬಾಡಿತ್ತು. ಕೊಟ್ಟಿಗೆ ಜಗಲಿಯ ಮೇಲೆ ಕೂತಳು.

"ಅಜ್ಜಿ, ನನ್ನ ಪ್ರೋಗ್ರಾಮ್ ಯಾರೂ ಕೇಳವಲ್ರಂತ. ನಂಬರ್ ಬಂದಾವು."

"ಯಾರು ಕೇಳ್ತಾರೆ ಯಾರು ಬಿಡ್ತಾರೆ ಅಂತ ನಿಮ್ಮೋರಿಗೆ ಎಂಗೆ ಗೊತ್ತಾಗುತ್ತೆ?"

"ಗುಟ್ಟಾಗಿ ಕೆಲವು ಮಂದಿ ಮನ್ಯಾಗ ಡೈರಿ ಕೊಟ್ಟಿರ್ತಾರ್ರಿ. ಯಾರ ಮನಿ ಅಂತ ನಮಗೂ ಹೇಳಂಗಿಲ್ಲ. ಒಂದು ಡೈರಿ ಅಂದ್ರ ಸಾವಿರಾರು ಮನಿ ಇದ್ದಂಗ. ಆ ಡೈರ್ಯಾಗ ಅವರು ಏನು ಬರೀತಾರೋ ಅದ ನಮ್ಮ ಹಣೆಬರಹ."

ನನ್ನ ಕೈಯಲ್ಲಿದ್ದ ಅಳತೆ ಲೋಟ ಅಲ್ಲೇ ನಿಂತಿತು.

"ಇನ್ನೊಂದು ಮಜಾ ಕೇಳ್ರಿ" ಅಂದಳು. "ಈ ಯಲಹಂಕದ ಕಡೆ ನಡುರಾತ್ರಿ ಎರಡೂವರಿಗೆ ಯಾರೋ ರೇಡಿಯೋ ಕೇಳ್ತಾರಂತ! ದಿನಾ! ಏರ್‌ಪೋರ್ಟ್ ಟ್ಯಾಕ್ಸಿಯವರು ಇರಬೇಕು ಅಂತ ನಮ್ಮ ಬಾಸ್ ಕುಣಿಯಾಕತ್ಯಾರ. ಆ ಹೊತ್ತಿಗೆ ಹೊಸಾ ಪ್ರೋಗ್ರಾಮ್ ಮಾಡ್ತಾರಂತ. ಮುಂದಿನ ಎಣಿಕ್ಯಾಗ ನನ್ನ ಸಂಜಿ ನಂಬರ್ ಏರಲಿಲ್ಲಂದ್ರ ನನ್ನ ಆ ಎರಡೂವರಿಗೆ ಹಾಕ್ತಾರಂತ. ಅಪ್ಪಾಗ ಹೇಳಿದೆ. ಅಪ್ಪ ಒಂದ ಮಾತು ಅಂದಾರ: ರಾತ್ರಿ ಎರಡೂವರಿಗೆ ಕೆಲಸ ಮಾಡೂದಾದ್ರ ಗಂಟು ಕಟ್ಟಿಕೊಂಡು ಊರಿಗೆ ಬಾ. ಅಜ್ಜಿ, ಆ ಡೈರಿ ಮಂದಿ ಯಾರಾರ ಸಿಕ್ಕರ ನಾ ಅವರ ಕಾಲು ಹಿಡೀತೇನ್ರಿ."

ನಾನು ಕಾಲನ್ನ ಸೀರೆಯೊಳಗೆ ಎಳೆದುಕೊಂಡೆ. "ಹಾಲು ಕೆಟ್ಟೋಗುತ್ತೆ, ಓಗಿ ಕಾಯಿಸ್ಕೋ" ಅಂದೆ.

ಅವಳು ಹೋದಮೇಲೆ ಹಸುವಿನ ಮುಂದೆ ಹೋಗಿ ನಿಂತೆ. ಆ ಎರಡೂವರೆ ಗಂಟೆಯ ಟ್ಯಾಕ್ಸಿಯವನು ನಾನೇ ಅಂತ ಅದಕ್ಕೆ ಮಾತ್ರ ಹೇಳಿದೆ.

ಹತ್ತು ದಿನ ಬಿಟ್ಟು ಡೈರಿಯವನು ಮತ್ತೆ ಬಂದ. ಈ ಸಲ ಗೊತ್ತಿರೋರು ರೇಡಿಯೋದಲ್ಲಿ ಇದ್ದಾರಾ ಅಂತ ಕೇಳಲಿಲ್ಲ. ಕೇಳದೆ ಇದ್ದಿದ್ದಕ್ಕೆ ಉತ್ತರ ಕೊಡೋ ಅಭ್ಯಾಸ ನನಗಿಲ್ಲ. ನಾನೇ ಒಂದು ಪ್ರಶ್ನೆ ಕೇಳಿದೆ.

"ಕೇಳ್ದೇ ಇರೋದಕ್ಕೆ ರೈಟು ಹಾಕಿದ್ರೆ ಏನಾಗುತ್ತಪ್ಪ?"

ಅವನು ನನ್ನ ಕೈಯಲ್ಲಿದ್ದ ಕ್ಯಾನು ನೋಡಿದ. "ಹಾಲಿಗೆ ನೀರು ಹಾಕಿದ ಹಾಗಮ್ಮ."

ಆ ಮಾತು ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ನಲವತ್ತು ವರ್ಷ ಹಾಲು ಅಳೆದಿದ್ದೇನೆ. ಲೇಔಟಿನ ಮೇಷ್ಟ್ರೊಬ್ಬರು ಗಾಜಿನ ಕೊಳವೆ ಇಳಿಬಿಟ್ಟು ನೋಡಿ ಸೋತು ಹೋಗಿದ್ದಾರೆ. ನನ್ನ ಹಾಲಿಗೆ ತೊಟ್ಟು ನೀರು ಬಿದ್ದಿಲ್ಲ. ಅಂಥವಳು ಸಂಕ್ರಾಂತಿಯಲ್ಲಿ ಎಂಟು ಸ್ಟೇಷನ್ನಿಗೂ ಬಿಂದಿಗೆಗಟ್ಟಲೆ ನೀರು ಹುಯ್ದಿದ್ದೆ.

"ಓದ್ ಸಲದ್ದು ತಿದ್ದೋಕಾಗುತ್ತಾ?"

"ಯಾಕಮ್ಮಾ?"

"ಸುಮ್ನೆ ಕೇಳ್ದೆ."

"ಅದು ಲೆಕ್ಕಕ್ಕೆ ಸೇರಿಹೋಯ್ತಮ್ಮ" ಅಂದ.

ಈಗ ನನ್ನ ಕಷ್ಟ ಕೇಳಿ. ಹುಡುಗಿಗೆ ಹೇಳೋ ಹಾಗಿಲ್ಲ, ಮಾತು ಕೊಟ್ಟಿದ್ದೇನೆ. ಸುಳ್ಳು ರೈಟು ಹಾಕೋ ಹಾಗಿಲ್ಲ, ಅದು ನೀರು. ನಿಜವಾಗಿ ಕೇಳೋಣ ಅಂದರೆ ಆ ಹಾಯ್ ಹಾಯ್ ನನ್ನ ಕೈಯಲ್ಲಿ ಆಗಲ್ಲ, ಹಸುವಿನ ಕೈಯಲ್ಲಿ ಮೊದಲೇ ಆಗಲ್ಲ. ಮೊದಲ ದಿನ ಹಾಲು ಕರೆದು ಮುಗಿಸಿ, ರೇಡಿಯೋ ಒಳಗೆ ತಂದು, ಸೊಪ್ಪು ಸೋಸುತ್ತಾ ಕೂತು ಕೇಳಿದೆ. ಐದು ನಿಮಿಷ ದಾಟೋ ತನಕ ಗೋಡೆ ಗಡಿಯಾರದ ಮುಳ್ಳು ನೋಡಿದೆ. ಅವಳು ಸ್ಯಾಂಡಲ್ ಅಂಗಡಿಯದೊಂದು ಸ್ಪರ್ಧೆ ಇಟ್ಟು, ಗೆದ್ದವನ ಹೆಸರು ಕೂಗಿ, ಚೊಂಬು ಉರುಳಿಸಿದಳು. ಆರನೇ ನಿಮಿಷಕ್ಕೆ ಆರಿಸಿದೆ. ಒಂದು ರೈಟು. ಎರಡನೇ ದಿನ ಒಂದು. ಮೂರನೇ ದಿನ ನಿದ್ದೆ ಬಂತು, ನಿದ್ದೆಯಲ್ಲಿ ಕೇಳಿದ್ದು ಲೆಕ್ಕಕ್ಕಿಲ್ಲ ಅಂತ ಬಿಟ್ಟೆ. ಹಾಲು ಕರೆಯೋವಾಗ ಹಾಡೋದನ್ನ ಕೇಳೋದು ಹಸು, ಅದನ್ನ ನನ್ನ ಹೆಸರಲ್ಲಿ ಬರೆಯಲಿಲ್ಲ. ಆರು ದಿನಕ್ಕೆ ನಾಲ್ಕು ರೈಟು. ಬಡಿಸಿದ ಎಲೆಯಲ್ಲಿ ಉಪ್ಪು ಮಾತ್ರ ಇದ್ದ ಹಾಗೆ ಕಾಣಿಸುತ್ತಿತ್ತು ಪುಸ್ತಕ.

ಏಳನೇ ದಿನ ಬೆಳಿಗ್ಗೆ ಅವಳು ಕಣ್ಣು ಊದಿಸಿಕೊಂಡು ಇಳಿದು ಬಂದಳು.

"ಇವತ್ತಿಗೆ ಎಣಿಕಿ ಮುಗೀತದಂತ್ರಿ. ಬಾಸ್ ಹೇಳಿಬಿಟ್ಟಾರ, ಏನೂ ಆಸೆ ಇಟ್ಟಕೋಬ್ಯಾಡ ಅಂತ. ಅಪ್ಪ ಬಸ್ ಟಿಕೆಟ್ ತೆಗಸ್ತೀನಿ ಅಂದಾರ."

ನಾನು ಹಾಲು ಅಳೆದು ಹಾಕಿದೆ. ಮಾತು ತಡೆಯಲಿಲ್ಲ. "ನೀನು ಬೆಳಿಗ್ಗೆ ನಿಮ್ಮವ್ವನ ಹತ್ರ ಮಾತಾಡ್ತೀಯಲ್ಲ, ಅಂಗೆ ಅಲ್ಲಿ ಯಾಕೆ ಮಾತಾಡಲ್ಲ?"

"ಹೆಂಗ್ರಿ?"

"ನನ್ನ ಬೈತೀಯಲ್ಲ, ಅಂಗೆ."

ಅವಳ ಮುಖ ಕಪ್ಪಾಯಿತು. "ನಾ ಯಾವಾಗ ಬೈದೀನ್ರಿ ಅಜ್ಜಿ?"

"ದಿನಾ ಬೈತೀಯ. ಕಿಟಕಿ ತೆಗೆದು ಬೈತೀಯ. ಮೋಟರ್ ವಿಷಯಕ್ಕೆ ಬೈದಿದ್ದು ಸೋಮವಾರ, ಚಪ್ಪಲಿ ಸ್ಟ್ಯಾಂಡ್ ವಿಷಯ ಬುಧವಾರ. ನಾನು ಕಸ ಗುಡಿಸೋದು ನಿಲ್ಸಿ ಕೇಳ್ತೀನಿ. ಎಷ್ಟು ಚೆನ್ನಾಗಿ ಬೈತೀಯ! ಒಂದು ದಿನ ನಗು ತಡೀಲಾರದೆ ಪೊರಕೆ ಬಿಟ್ಟು ಒಳಗೋದೆ. ಅಂಥ ಬಾಯಿ ಇಟ್ಕೊಂಡು ಅಲ್ಲೋಗಿ ಹಾಯ್ ಹಾಯ್ ಅಂತೀಯಲ್ಲ."

"ನಮ್ಮ ಕಡಿ ಮಾತು ಬೆಂಗಳೂರಾಗ ನಡೆಯಂಗಿಲ್ಲಂತ್ರಿ, ಬಾಸ್..."

"ನಾಳಿದ್ದು ಹೆಂಗೂ ಬಸ್ ಹತ್ತೋಳು. ಬಾಸ್ ಏನು ಕಿತ್ಕೋತಾನೆ?"

ಅವಳು ಪಾತ್ರೆ ಎತ್ತಿಕೊಂಡು ಮೆಟ್ಟಿಲು ಹತ್ತಿದಳು. ಆವತ್ತು ಕಿಟಕಿ ಮುಚ್ಚಿಕೊಂಡು ಫೋನ್ ಮಾಡಿದಳು.

ಸಾಯಂಕಾಲ ನಾನು ಹಾಲು ಕರೆಯೋಕೆ ಕೂತಿದ್ದೆ, ಬೇರೆ ಯಾವುದೋ ಸ್ಟೇಷನ್ ಹಾಡುತ್ತಿತ್ತು. ಓರಗಿತ್ತಿ ಮೊಬೈಲ್ ಕಿವಿಗೆ ಇಟ್ಟುಕೊಂಡು, ಚಪ್ಪಲಿ ಕೂಡ ಇಲ್ಲದೆ ಓಡಿ ಬಂದಳು.

"ಅಕ್ಕೋ! ನಿನ್ ಬಾಡಿಗೆಯೋಳು ರೇಡಿಯೋದಲ್ಲಿ ನಿನ್ನ ಉಗೀತಾವ್ಳೆ!"

"ಯಾರ್ನ?"

"ನಿನ್ನೇ! ಹೆಸ್ರು ಏಳ್ತಿಲ್ಲ, ಆದ್ರೆ ನೀನೇ. ನಿನ್ನಂಥೋಳು ಇನ್ನೊಬ್ಬಳು ಎಲ್ಲವ್ಳೆ?"

ಮುಳ್ಳು ತಿರುಗಿಸಿದೆ. ಸಿಕ್ಕಿದ ಕೂಡಲೇ ಅವಳೇ ಹೊತ್ತು ಹೇಳಿದಳು, ಐದು ಗಂಟೆ ಹತ್ತು ನಿಮಿಷ. ಹಾಯ್ ಇಲ್ಲ, ಗಾಯ್ಸ್ ಇಲ್ಲ.

"...ಆಕಿ ಹೇಳ್ತಾಳ್ರಿ, ನಾ ನಕ್ಕರ ಆಕಿ ಆಕಳ ಹಾಲು ಕೊಡಂಗಿಲ್ಲಂತ! ಇಷ್ಟು ದೊಡ್ಡ ಬೆಂಗಳೂರಾಗ ನನಗ ಖರೇ ಹೇಳಿದಾಕಿ ಆಕಿ ಒಬ್ಬಾಕಿನ ನೋಡ್ರಿ. ಮುಂಜಾನೆ ಮೋಟರ್ ಹಾಕ್ತಾಳ. ನಾ ತಲಿಗೆ ಸೋಪು ಹಚ್ಚೂದಷ್ಟ ತಡ, ಬಂದ್ ಮಾಡ್ತಾಳ. ಹೆಂಗ ಗೊತ್ತಾಗತದ ಆಕಿಗೆ? ಕಣ್ಣಾಗ ಸೋಪು, ಕೈಯಾಗ ಚೆಂಬು, ನಳದಾಗ ಬರೇ ಸುಂಯ್ ಅಂತ ಗಾಳಿ. ಒಂದ ಬಕೀಟ್ ನೀರಾಗ ಜಳಕಾ ಮಾಡಿ, ಅದ ನೀರಾಗ ಅರಿವಿ ಒಗದು, ಉಳಿದದ್ದು ಗಿಡಕ್ಕ ಹಾಕು ಅಂತಾಳ. ಆ ಗಿಡಾನೂ ಈಗ ನೊರಿ ಬಿಡಾಕತ್ತದ್ರಿ!"

ಓರಗಿತ್ತಿ ಕಂಬ ಹಿಡಿದುಕೊಂಡು ನಗುತ್ತಿದ್ದಳು. ನನ್ನ ಕಿವಿಯಿಂದ ಹೊಗೆ ಬರುತ್ತಿತ್ತು. "ಕಳ್ಮುಂಡೆ, ಇವತ್ತು ಬರ್ಲಿ ಮನೆಗೆ" ಅಂತ ಎದ್ದೆ. ಏಳೋವಾಗ ಕೆಳಗೆ ನೋಡಿದರೆ ಹಸು ಹಾಲು ಬಿಟ್ಟಿತ್ತು. ಹಿಂಡಿ ಕೇಳಲಿಲ್ಲ, ತಟ್ಟಿಸಿಕೊಳ್ಳಲಿಲ್ಲ, ಕೈ ಇಟ್ಟರೆ ಸಾಕು ಸುರಿಯುತ್ತಿತ್ತು. ಹುಲ್ಲು ಹಾಕೋಳನ್ನ ಬೈದರೆ ಹಾಲಿಳಿಸೋ ಹಸು! ಮತ್ತೆ ಕೂತೆ. ಹಾಲು ಬಿಟ್ಟು ಏಳೋಕಾಗುತ್ತಾ?

ರೇಡಿಯೋದಲ್ಲಿ ಅವಳು ಮುಂದುವರಿಸಿದಳು. "ಹೋದ ತಿಂಗಳು ಜ್ವರ ಬಂದು ಮಲಗಿದ್ದೆ. ಹೆಂಗದೀ ಅಂತ ಒಂದ ಮಾತು ಕೇಳಲಿಲ್ಲ ಆಕಿ. ಬಾಗಲದಾಗ ರಾಗಿ ಗಂಜಿ ಇಟ್ಟು, 'ಪಾತ್ರೆ ತೊಳ್ದು ಕೊಡು' ಅಂದು ಹೋದ್ಲು. ನಿಮ್ಮ ಮನಿ ಮಾಲಕರು ಹೆಂಗ್ರಿ? ಫೋನ್ ಮಾಡ್ರಿ."

ಫೋನು ಬಂದವು ನೋಡಿ. ಆರ್.ಟಿ. ನಗರದಿಂದ ಒಬ್ಬ, "ನಾವು ಮೀನು ಮಾಡಿದ್ರೆ ನಮ್ಮ ಓನರ್ ಆಂಟಿ ಮೆಟ್ಟಿಲ ಮೇಲೆ ಕೂತು ಒಂದು ಕಟ್ಟು ಊದಿನಕಡ್ಡಿ ಹಚ್ತಾರೆ, ಆಮೇಲೆ ಸ್ವಲ್ಪ ಸಾರು ಕೊಡಿ ಅಂತಾರೆ" ಅಂದ. ಯಶವಂತಪುರದಿಂದ ಒಬ್ಬಳು, "ಗೋಡೆಗೆ ಮೊಳೆ ಹೊಡೆಯೋಕೆ ಬಿಡಲ್ಲ ರೀ, ಮೂರು ವರ್ಷದಿಂದ ನಮ್ಮ ಮದುವೆ ಫೋಟೋ ಫ್ರಿಜ್ಜಿಗೆ ಒರಗಿ ನಿಂತಿದೆ" ಅಂದಳು. ಆಮೇಲೆ ಸಹಕಾರನಗರದಿಂದ ಓನರ್ ಒಬ್ಬರು ಸಿಟ್ಟಿನಿಂದ ಮಾಡಿದರು. "ಬಾಡಿಗೆಯವರೇನು ಕಮ್ಮಿನಾ? ಸಿಂಕಿಗೆ ಅನ್ನ ಸುರೀತಾರೆ, ಕೇಳಿದ್ರೆ ಅದು ಪೋಹಾ ಅಂತಾರೆ!"

"ಸರಿಯಾಗಿ ಏಳ್ದೆ ಕಣಪ್ಪ!" ಅಂತ ನಾನು ಕೊಟ್ಟಿಗೆಯಿಂದ ಕೂಗಿದೆ.

"ನೀನೂ ಫೋನ್ ಮಾಡಿ ಉಗಿಯಕ್ಕ" ಅಂತ ಓರಗಿತ್ತಿ ಮೊಬೈಲ್ ಕೊಡೋಕೆ ಬಂದಳು.

"ಸುಮ್ನಿರು, ಇನ್ನೇನು ಬೈತಾಳೋ ಕೇಳಣ."

ಎಂಟರ ತನಕ ಆರಿಸಲಿಲ್ಲ. ಸಿಟ್ಟಿಗೆ ಕೇಳಿದೆ ಅಂತ ಮೊದಲು ಅಂದುಕೊಂಡಿದ್ದೆ. ಆರೂವರೆ ಹೊತ್ತಿಗೆ ಅದು ಸಿಟ್ಟಲ್ಲ ಅಂತ ಗೊತ್ತಾಯಿತು. ಹಾಲಿಗೆ ಬಂದವರೂ ಕ್ಯಾನು ಹಿಡಿದು ನಿಂತು ಕೇಳಿದರು, ಯಾರಿಗೂ ಮನೆಗೆ ಹೋಗೋ ಅವಸರ ಇರಲಿಲ್ಲ. ಕೊನೆಗೆ ಅವಳು, "ನಾಳಿಂದ ನಾ ಇರ್ತೀನೋ ಇಲ್ಲೋ ಗೊತ್ತಿಲ್ರಿ. ಇದ್ದರ, ಹಿಂಗ ಮಾತಾಡ್ತೀನಿ" ಅಂದು ಹಾಡು ಹಾಕಿದಳು.

ಎಲ್ಲರೂ ಹೋದಮೇಲೆ ಅಕ್ಕಿ ಡಬ್ಬದ ಹಿಂದಿನಿಂದ ಡೈರಿ ತೆಗೆದೆ. ಐದರಿಂದ ಎಂಟರೊಳಗೆ ಹನ್ನೆರಡು ಚೌಕ. ಮೊದಲನೇದಕ್ಕೆ ಯೋಚನೆ ಮಾಡಿದೆ. ಐದೂ ಹತ್ತಕ್ಕೆ ಹಾಕಿದ್ದು, ಐದೂ ಕಾಲರ ತನಕ ಸರಿಯಾಗಿ ಐದು ನಿಮಿಷ. ರೈಟು. ಏಳರಿಂದ ಏಳೂ ಕಾಲರ ತನಕ ಅನ್ನಕ್ಕಿಡೋಕೆ ಒಳಗೆ ಹೋಗಿದ್ದೆ, ನಡುವೆ ಕುಕ್ಕರ್ ಕೂಗಿತ್ತು. ಕೇಳಿದ್ದು ಮೂರು ನಿಮಿಷವೋ ನಾಲ್ಕೋ. ಪೆನ್ನು ಆ ಚೌಕದ ಮೇಲೆ ನಿಂತಿತು. ಆ ಹುಡುಗಿಯ ಊದಿದ ಕಣ್ಣು ನೆನಪಾಯಿತು. ಹಾಲಿನ ಕ್ಯಾನೂ ಅಲ್ಲೇ ಎದುರಿಗಿತ್ತು. ಖಾಲಿ ಬಿಟ್ಟೆ. ಹನ್ನೊಂದು ರೈಟು.

ಆಮೇಲೆ ಏನಾಯಿತು ಅಂತ ಇಲ್ಲೇ ಹೇಳಿಬಿಡುತ್ತೇನೆ. ಅವಳು ಬಸ್ ಹತ್ತಲಿಲ್ಲ. ಬಾಸು ಮೊದಲು ಕೂಗಾಡಿದನಂತೆ. ನಂಬರ್ ಬಂದಮೇಲೆ, ಇದು ನನ್ನದೇ ಐಡಿಯಾ ಅಂದನಂತೆ. ನನ್ನ ಹನ್ನೊಂದು ರೈಟಿಂದ ಉಳೀತು ಅಂತ ನಾನು ಹೇಳಲ್ಲ. ಅಂಥ ಡೈರಿ ಇನ್ನೆಷ್ಟು ಮನೆಯಲ್ಲಿತ್ತೋ, ಅವರ ಹಸು ಏನು ಮಾಡಿತೋ. ಎರಡೂವರೆಯ ಹೊಸ ಪ್ರೋಗ್ರಾಮಿಗೆ ಬೇರೆ ಯಾರನ್ನೋ ಹಾಕಿದರು, ಒಂದೂ ಫೋನು ಬರದೆ ಎರಡು ತಿಂಗಳಿಗೆ ನಿಲ್ಲಿಸಿದರು. ಟ್ಯಾಕ್ಸಿಯವರು ಕೈಕೊಟ್ಟರು ಅಂತ ಬಾಸು ಬೇಜಾರು ಮಾಡಿಕೊಂಡನಂತೆ. ಹುಡುಗಿ ಏಳು ವರ್ಷ ತನ್ನ ಮಾತಲ್ಲೇ ಸಂಜೆ ಮಾತಾಡಿದಳು. ವಾರಕ್ಕೊಂದು ದಿನ ನನ್ನನ್ನ ಬೈಯೋಳು. ಆಮೇಲೆ ಸ್ಟೇಷನ್ ಕೈ ಬದಲಾಯಿತು, ಹೆಸರೂ ಬದಲಾಯಿತು. ಈಗ ಅಲ್ಲಿ ಮಾತಾಡೋರೇ ಕಮ್ಮಿ, ಕಂಪ್ಯೂಟರೇ ಒಂದಾದಮೇಲೊಂದು ಹಾಡು ಹಾಕುತ್ತಂತೆ. ನನ್ನ ಕೊಟ್ಟಿಗೆಯಲ್ಲಿ ಈಗ ಹಸು ಇಲ್ಲ, ಎರಡು ಸ್ಕೂಟರ್ ನಿಲ್ಲುತ್ತವೆ. ಹುಡುಗಿ ಸಹಕಾರನಗರದಲ್ಲಿ ಸ್ವಂತ ಮನೆ ಮಾಡಿಕೊಂಡು ಮೇಲ್ಮಹಡಿ ಬಾಡಿಗೆಗೆ ಕೊಟ್ಟಿದ್ದಾಳೆ. ಮೊನ್ನೆ ಫೋನ್ ಮಾಡಿ, "ಅಜ್ಜಿ, ಈ ಬಾಡಿಗಿ ಮಂದಿ ನೀರು ಹೆಂಗ ಸುರೀತಾರ್ರಿ!" ಅಂದಳು. "ಮೋಟರ್ ಆರಿಸು" ಅಂದೆ.

ಅದೆಲ್ಲ ಆಮೇಲಿನದು. ಆ ಮಾರನೇ ದಿನ ಬೆಳಿಗ್ಗೆ ಆರೂವರೆಗೇ ಡೈರಿಯವನು ಬಂದ. ಹಾಳೆ ತಿರುವಿದ.

"ಏನಮ್ಮಾ, ಹೋದ ಸಲ ರಂಗೋಲಿ ಬಿಟ್ಟಂಗಿತ್ತು. ಈ ಸಲ ಆರು ದಿನ ಖಾಲಿ ಖಾಲಿ, ನೆನ್ನೆ ಒಂದೇ ಸ್ಟೇಷನ್ನಿಗೆ ಹನ್ನೊಂದು?"

"ಕೇಳ್ದೆ, ಹಾಕ್ದೆ. ಒಂದು ಕೇಳಿಲ್ಲ, ಬಿಟ್ಟಿದೀನಿ ನೋಡು."

ಅವನು ಒಂದು ನೀರಿನ ಜಗ್ಗು ಕೊಟ್ಟು ಹೋದ. ಏಳಕ್ಕೆ ಹುಡುಗಿ ಮೆಲ್ಲಗೆ ಇಳಿದು ಬಂದಳು, ಪಾತ್ರೆಯನ್ನ ಎದೆಗೆ ಅಡ್ಡ ಹಿಡಿದುಕೊಂಡು.

"ಅಜ್ಜಿ, ನಿನ್ನೆ ಸಂಜೀಕ ನೀವೇನಾರ ರೇಡಿಯೋ..."

"ನಂಗೇನು ಬೇರೆ ಕೆಲಸ ಇಲ್ವಾ?" ಅಂದು ಅರ್ಧ ಲೀಟರ್ ಅಳೆದು ಹಾಕಿದೆ. ಅವಳು ಉಸಿರು ಬಿಟ್ಟು ಮೆಟ್ಟಿಲು ಹತ್ತಿದಳು. ಮೇಲೆ ಬಚ್ಚಲಿನ ಬಾಗಿಲು ಹಾಕಿದ ಸದ್ದು ಕೇಳಿತು. ನಾನು ಹೋಗಿ ಮೋಟರ್ ಹಾಕಿದೆ. ಸೋಪು ಹಚ್ಚೋ ಹೊತ್ತು ಕಳೆಯಿತು, ತೊಳೆಯೋ ಹೊತ್ತೂ ಕಳೆಯಿತು. ಟ್ಯಾಂಕು ತುಂಬಿ ಗೋಡೆ ಮೇಲೆ ಧಾರೆ ಇಳಿಯೋಕೆ ಶುರುವಾಯಿತು.

"ಅಕ್ಕೋ, ನೀರು! ನೀರು ಓಗ್ತಾ ಅದೆ!" ಅಂತ ಓರಗಿತ್ತಿ ಪಕ್ಕದಿಂದ ಕೂಗಿದಳು.

"ಕಾಣ್ತಾ ಅದೆ" ಅಂದು, ಪೊರಕೆ ತಗೊಂಡು ಆ ನೀರಲ್ಲೇ ಅಂಗಳ ತೊಳೆದೆ.